‘ಓ, ನೀನು ಜೋ ತಮ್ಮಾನಾ?’ - ಡಿಮ್ಯಾಜಿಯೊ ಮನೆಯ ಕೊನೇ ಮಗನ ನೆನಪು

ಬಸ್ಸಲ್ಲೋ ಮೆಟ್ರೊದಲ್ಲೋ ಇಯರ್‌ಫೋನ್ ಹಾಕಿಕೊಂಡು ಇದನ್ನು ಕೇಳ್ತಾ ಇರೋರಿಗೆ ಮೊದಲು ಒಂದು ಪ್ರಶ್ನೆ. ಶಾಲೆಯಲ್ಲಿ ನಿಮಗಿಂತ ಎರಡು ಮೂರು ಕ್ಲಾಸ್ ಮುಂದೆ ನಿಮ್ಮ ಅಣ್ಣನೋ ಅಕ್ಕನೋ ಓದ್ತಾ ಇದ್ರಾ? ಓದಿನಲ್ಲೋ ಆಟದಲ್ಲೋ ಅವರು ಸ್ವಲ್ಪ ಹೆಸರು ಮಾಡಿದ್ರಾ? ಹಾಗಿದ್ರೆ ಹೊಸ ಕ್ಲಾಸಿನ ಮೊದಲ ದಿನ ಮೇಷ್ಟ್ರು ಹಾಜರಿ ಪುಸ್ತಕದಿಂದ ತಲೆ ಎತ್ತಿ, ‘ಓ, ನೀನು ಅವನ ತಮ್ಮಾನಾ?’ ಅಂತ ಕೇಳಿದ್ದು ನಿಮಗೂ ನೆನಪಿರುತ್ತೆ.

ಈ ಪ್ರಶ್ನೆಯನ್ನು ಹೆಚ್ಚುಕಡಿಮೆ ಎಪ್ಪತ್ತು ವರ್ಷ ಕೇಳಿಸಿಕೊಂಡ ಒಬ್ಬರನ್ನು ಇವತ್ತು ನೆನಪಿಸಿಕೊಳ್ಳೋಣ. ಹೆಸರು ಡಾಮಿನಿಕ್ ಡಿಮ್ಯಾಜಿಯೊ. ಎಲ್ಲರೂ ಕರೀತಾ ಇದ್ದದ್ದು ಡಾಮ್ ಅಂತ. 2009ರ ಮೇ 8ರಂದು, 92ನೇ ವಯಸ್ಸಿನಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮರಿಯನ್ ಅನ್ನೋ ಊರಿನಲ್ಲಿ ತೀರಿಕೊಂಡರು. ಡಿಮ್ಯಾಜಿಯೊ ಅಂದ ಕೂಡಲೇ ಕೆಲವರಿಗಾದರೂ ಹೊಳೆಯೋದು ಜೋ ಡಿಮ್ಯಾಜಿಯೊ. ನ್ಯೂಯಾರ್ಕ್ ಯಾಂಕೀಸ್ ತಂಡದ ದೊಡ್ಡ ತಾರೆ, 1954ರಲ್ಲಿ ಮರ್ಲಿನ್ ಮನ್ರೊ ಅವರನ್ನು ಮದುವೆಯಾದವರು. ಅವರ ತಮ್ಮ ಈ ಡಾಮ್. ನೋಡಿ, ನಾನೂ ಹಾಗೇ ಪರಿಚಯ ಮಾಡಿಕೊಟ್ಟೆ! ತಪ್ಪಿಸೋಕೆ ಆಗಲ್ಲ.

ಮನೆಯಿಂದ ಶುರು ಮಾಡ್ತೀನಿ. ತಂದೆ ಜುಸೆಪ್ಪೆ, ತಾಯಿ ರೊಸಾಲಿಯಾ. ಇಟಲಿಯ ಸಿಸಿಲಿ ದ್ವೀಪದಲ್ಲಿ ಮೀನು ಹಿಡಿಯೋ ಕುಟುಂಬದವರು. ಅಮೆರಿಕಕ್ಕೆ ಬಂದು ಕಡೆಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಇಟಲಿಯವರೇ ತುಂಬಿದ್ದ ನಾರ್ತ್ ಬೀಚ್‌ನಲ್ಲಿ ನೆಲೆ ನಿಂತರು. ಒಂಬತ್ತು ಮಕ್ಕಳು. ಅದರಲ್ಲಿ ಏಳನೆಯವರು ವಿನ್ಸ್, ಎಂಟನೆಯವರು ಜೋ, ಕೊನೆಯವರು 1917ರ ಫೆಬ್ರುವರಿ 12ರಂದು ಹುಟ್ಟಿದ ಡಾಮ್. ಈ ಕೊನೆಯ ಮೂವರೂ ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಮಟ್ಟಕ್ಕೆ, ಅಂದ್ರೆ ಮೇಜರ್ ಲೀಗ್‌ಗೆ ಹೋದರು. ಮೂವರೂ ಆಡಿದ್ದು ಒಂದೇ ಜಾಗದಲ್ಲಿ, ಸೆಂಟರ್ ಫೀಲ್ಡ್. ಮೈದಾನದ ನಡುಭಾಗದ ಹಿಂದಿನ ಅಷ್ಟೂ ಬಯಲನ್ನು ಒಬ್ಬರೇ ಓಡಿ ಕಾಯೋ ಜಾಗ ಅದು.

ಅಪ್ಪನಿಗೆ ಇದು ಬೇಕಿರಲಿಲ್ಲ. ಮಕ್ಕಳು ದೋಣಿಗೆ ಬರಬೇಕು, ಬಲೆ ಎಳೀಬೇಕು. ಚೆಂಡು ಹೊಡೆದರೆ ಊಟ ಬರುತ್ತಾ? ಮೊದಲು ಅಪ್ಪನ ಮಾತು ಮೀರಿ ಆಡೋಕೆ ಹೋದವರು ವಿನ್ಸ್. ಅವರಿಗೆ ಒಳ್ಳೇ ಕಂಠ ಇತ್ತಂತೆ, ಒಪೆರಾ ಗಾಯಕ ಆಗೋ ಆಸೆ ಇತ್ತಂತೆ. ಅದು ಬೇರೆ ಕಥೆ. 1932ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸೀಲ್ಸ್ ಅನ್ನೋ ತಂಡಕ್ಕೆ ಸೀಸನ್ ಕೊನೇ ದಿನಗಳಲ್ಲಿ ಒಬ್ಬ ಆಟಗಾರ ಬೇಕಾದಾಗ, ‘ನನ್ನ ತಮ್ಮ ಇದ್ದಾನೆ’ ಅಂತ ಜೋ ಹೆಸರು ಹೇಳಿದ್ದು ಇದೇ ವಿನ್ಸ್. ಮುಂದಿನ ವರ್ಷ ಜೋ ಎಷ್ಟು ಚೆನ್ನಾಗಿ ಆಡಿದರು ಅಂದ್ರೆ, ಸೀಲ್ಸ್ ತಂಡ ವಿನ್ಸ್ ಅವರನ್ನೇ ಬಿಟ್ಟುಬಿಡ್ತು. ಅಣ್ಣ ತಂದುಕೊಟ್ಟ ಅವಕಾಶ, ಅಣ್ಣನ ಜಾಗವನ್ನೇ ತಗೊಂಡಿತು. ವಿನ್ಸ್ ಆಮೇಲೆ ಬೇರೆ ತಂಡಗಳಲ್ಲಿ ಹತ್ತು ವರ್ಷ ಆಡಿದರು, 125 ಹೋಮ್‌ರನ್ ಹೊಡೆದರು. ಆದ್ರೂ ಇವತ್ತು ಅವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಇಂಥ ಮನೆಯಲ್ಲಿ ಕೊನೆಯವರು ಡಾಮ್. ಎತ್ತರ ಐದಡಿ ಒಂಬತ್ತು ಇಂಚು. ಜೋ ಆರಡಿ ಎರಡು ಇಂಚು. ಅದರ ಮೇಲೆ ಡಾಮ್ ಕಣ್ಣಿಗೆ ದಪ್ಪ ಕನ್ನಡಕ. ಆ ಕಾಲದಲ್ಲಿ ಕನ್ನಡಕ ಹಾಕಿಕೊಂಡು ಬೇಸ್‌ಬಾಲ್ ಆಡೋರು ಬೆರಳೆಣಿಕೆಯಷ್ಟು. ನೋಡೋಕೆ ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡೋರ ಥರ ಕಾಣ್ತಾ ಇದ್ದರು. ಹಾಗಾಗಿ ‘ಪುಟ್ಟ ಪ್ರೊಫೆಸರ್’ ಅನ್ನೋ ಅಡ್ಡಹೆಸರು ಬಿತ್ತು. 1940ರಲ್ಲಿ ಬೋಸ್ಟನ್ ರೆಡ್ ಸಾಕ್ಸ್ ತಂಡ ಸೇರಿದಾಗ, ಅಣ್ಣನ ಹೆಸರಿನ ಮೇಲೆ ಬಂದವರು ಅಂತ ಗುಮಾನಿ ಪಟ್ಟವರಿಗೆ ಕೊರತೆ ಇರಲಿಲ್ಲ. ಇನ್ನೊಂದು ವಿಷಯ: ಬೋಸ್ಟನ್ ಮತ್ತು ನ್ಯೂಯಾರ್ಕ್ ಅಂದ್ರೆ ಬೇಸ್‌ಬಾಲ್‌ನಲ್ಲಿ ಹಾವು ಮುಂಗುಸಿ. ಅಣ್ಣ ಮುಂಗುಸಿ ಕಡೆ, ತಮ್ಮ ಹಾವಿನ ಕಡೆ. ಅಥವಾ ಉಲ್ಟಾ, ನೀವು ಯಾವ ಊರಿನ ಅಭಿಮಾನಿ ಅನ್ನೋದರ ಮೇಲೆ.

ಈಗ ಬೇಸ್‌ಬಾಲ್ ಗೊತ್ತಿಲ್ಲದೋರಿಗೆ ಒಂದೇ ಒಂದು ವಿಷಯ ಹೇಳಬೇಕು, ಇಲ್ಲದಿದ್ರೆ ಮುಂದಿನ ಕಥೆ ಹಿಡಿಯಲ್ಲ. ಕ್ರಿಕೆಟ್‌ನಲ್ಲಿ ಒಬ್ಬ ಬ್ಯಾಟರ್ ಔಟಾಗೋವರೆಗೆ ಆಡ್ತಾನೇ ಇರಬಹುದು. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಒಂದು ಪಂದ್ಯದಲ್ಲಿ ನಾಲ್ಕೋ ಐದೋ ಸಲ ಬ್ಯಾಟ್ ಹಿಡಿಯೋ ಸರದಿ ಬರುತ್ತೆ, ಅಷ್ಟೇ. ಚೆಂಡು ಹೊಡೆದು, ಯಾರೂ ಹಿಡಿಯದೆ, ಮೊದಲ ಬೇಸ್‌ಗಾದರೂ ಕ್ಷೇಮವಾಗಿ ಮುಟ್ಟಿದರೆ ಅದು ಒಂದು ‘ಹಿಟ್’. ಹತ್ತು ಪ್ರಯತ್ನಕ್ಕೆ ಮೂರು ಹಿಟ್ ಬಂದರೆ ಅವರು ಬಹಳ ಒಳ್ಳೆಯ ಬ್ಯಾಟರ್. ಅಂದ್ರೆ ಹತ್ತರಲ್ಲಿ ಏಳು ಸಲ ಸೋಲೋದು ಮಾಮೂಲು. ಹೀಗಿರುವಾಗ ಪ್ರತಿ ಪಂದ್ಯದಲ್ಲೂ, ಒಂದೂ ತಪ್ಪದೆ, ಕನಿಷ್ಠ ಒಂದಾದರೂ ಹಿಟ್ ಮಾಡ್ತಾ ಹೋಗೋದು ಎಷ್ಟು ಕಷ್ಟ ಯೋಚನೆ ಮಾಡಿ. 1941ರಲ್ಲಿ ಜೋ ಸತತ 56 ಪಂದ್ಯಗಳಲ್ಲಿ ಹಾಗೆ ಮಾಡಿದರು. ಇವತ್ತಿಗೂ ಆ ದಾಖಲೆ ಮುರಿದಿಲ್ಲ.

1941 ಡಿಮ್ಯಾಜಿಯೊ ಮನೆಗೆ ಹಬ್ಬದ ವರ್ಷ. ಆದರೆ ಅದೇ ಡಿಸೆಂಬರ್‌ನಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. ಇಟಲಿ ಶತ್ರು ದೇಶವಾಯ್ತು. ಜುಸೆಪ್ಪೆ, ರೊಸಾಲಿಯಾ ದಶಕಗಳಿಂದ ಅಲ್ಲೇ ಇದ್ದರೂ ಅಮೆರಿಕದ ಪೌರತ್ವ ಪಡೆದಿರಲಿಲ್ಲ. ಸರ್ಕಾರದ ದಫ್ತರಿನಲ್ಲಿ ಅವರು ‘ಶತ್ರು ದೇಶದ ವಿದೇಶಿಗಳು’ ಆದರು. ಫೋಟೊ ಇರೋ ಗುರುತಿನ ಪುಸ್ತಕ ಸದಾ ಜೇಬಿನಲ್ಲಿರಬೇಕು. ಮನೆಯಿಂದ ಐದು ಮೈಲಿಗಿಂತ ದೂರ ಹೋಗೋಕೆ ಪರವಾನಗಿ ಬೇಕು. ಅಪ್ಪ ಜೀವನಪೂರ್ತಿ ಮೀನು ಹಿಡಿದ ಕೊಲ್ಲಿಗೆ ಇಳಿಯೋ ಹಾಗಿಲ್ಲ. ಆ ಅಪ್ಪನ ಮಗನ ಫೋಟೊ ಆಗ ದೇಶದ ಪತ್ರಿಕೆಗಳಲ್ಲೆಲ್ಲ ಇತ್ತು!

ಈ ಹೊತ್ತಿನಲ್ಲಿ ಡಾಮ್ ಏನು ಮಾಡಿದರು? ಕಣ್ಣು ಸರಿಯಿಲ್ಲ ಅಂತ ಸೇನೆ ಅವರನ್ನು ಬೇಡ ಅಂದಿತ್ತು. ಸುಮ್ಮನೆ ಮೈದಾನದಲ್ಲಿ ಆಡಿಕೊಂಡು ಇರಬಹುದಿತ್ತು, ಯಾರೂ ಬೈತಾ ಇರಲಿಲ್ಲ. ಅವರು ಬಿಡಲಿಲ್ಲ, ಹಟ ಹಿಡಿದು ನೌಕಾಪಡೆಗೆ ಸೇರಿದರು. 1943, 44, 45, ಮೂರು ಸೀಸನ್ ಹೋಯ್ತು. 26ರಿಂದ 28ನೇ ವಯಸ್ಸು. ಯಾವ ಆಟಗಾರನಿಗೇ ಆದರೂ ಅದು ಮೈ ಮನಸ್ಸು ಎರಡೂ ಒಟ್ಟಿಗೆ ಕೂಡಿಬರೋ ಕಾಲ. ಡಾಮ್ ಅವರ ಅಂಕಿಅಂಶ ನೋಡುವಾಗ ಈ ಮೂರು ಖಾಲಿ ಸಾಲುಗಳನ್ನು ಮರೀಬಾರದು ಅಂತ ನನ್ನ ವಾದ. ಜೋ ಅವರ ಲೆಕ್ಕದಲ್ಲೂ ಅದೇ ಮೂರು ಸಾಲು ಖಾಲಿ ಇವೆ, ಅದನ್ನೂ ಹೇಳಬೇಕು. ಅವರೂ ಸೇನೆಯಲ್ಲಿದ್ದರು.

ವಾಪಸ್ ಬಂದ ಮೊದಲ ವರ್ಷ, 1946ರಲ್ಲೇ ರೆಡ್ ಸಾಕ್ಸ್ ವರ್ಲ್ಡ್ ಸೀರೀಸ್ ತಲುಪಿತು. ಎದುರಿಗೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್. ಸರಣಿ 3-3 ಸಮ. ಏಳನೇ ಪಂದ್ಯ, ಎಂಟನೇ ಇನಿಂಗ್ಸ್, ರೆಡ್ ಸಾಕ್ಸ್ 1-3ರಿಂದ ಹಿಂದೆ. ಡಾಮ್ ಬ್ಯಾಟ್ ಹಿಡಿದು ಬಂದರು. ದೂರಕ್ಕೆ ಹೊಡೆದರು, ಇಬ್ಬರು ಓಡಿ ಬಂದರು, 3-3. ಆದರೆ ಎರಡನೇ ಬೇಸ್ ಕಡೆ ಓಡುವಾಗ ಡಾಮ್ ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಳ್ತು. ಕುಂಟುತ್ತಾ ಹೊರಗೆ ಹೋದರು. ಅವರ ಬದಲಿಗೆ ಲಿಯಾನ್ ಕಲ್ಬರ್ಸನ್ ಸೆಂಟರ್ ಫೀಲ್ಡ್‌ಗೆ ಬಂದರು.

ಅದೇ ಇನಿಂಗ್ಸ್‌ನಲ್ಲಿ ಕಾರ್ಡಿನಲ್ಸ್ ಸರದಿ. ಈನೊಸ್ ಸ್ಲಾಟರ್ ಮೊದಲ ಬೇಸ್‌ನಲ್ಲಿದ್ದಾರೆ. ಹ್ಯಾರಿ ವಾಕರ್ ಹೊಡೆದ ಚೆಂಡು ಎಡ-ನಡು ಮೈದಾನಕ್ಕೆ ಹೋಯ್ತು. ಸ್ಲಾಟರ್ ನಿಲ್ಲಲೇ ಇಲ್ಲ. ಎರಡು, ಮೂರು, ಕೊನೆಗೆ ಹೋಮ್‌ವರೆಗೂ ಒಂದೇ ಓಟ. 4-3. ರೆಡ್ ಸಾಕ್ಸ್ ಸೋತಿತು. ಚೆಂಡು ಹಿಡಿದು ಹೋಮ್‌ಗೆ ಎಸೆಯೋದರಲ್ಲಿ ಅರೆಕ್ಷಣ ತಡ ಮಾಡಿದ ಅಂತ ಜಾನಿ ಪೆಸ್ಕಿ ಅನ್ನೋ ಆಟಗಾರನನ್ನು ಬೋಸ್ಟನ್ ಜನ ಜೀವನಪೂರ್ತಿ ದೂರಿದರು. ಆದರೆ ಸ್ಲಾಟರ್ ಏನು ಹೇಳಿದರು ಗೊತ್ತಾ? ಸೆಂಟರ್ ಫೀಲ್ಡ್‌ನಲ್ಲಿ ಡಾಮ್ ಇದ್ದಿದ್ದರೆ ತಾನು ಆ ಓಟಕ್ಕೆ ಕೈಹಾಕ್ತಾ ಇರಲಿಲ್ಲ ಅಂತ. ಒಬ್ಬ ಫೀಲ್ಡರ್‌ಗೆ ಎದುರಾಳಿ ಕೊಡಬಹುದಾದ ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗಂತೂ ಹೊಳೀತಿಲ್ಲ. ಅದೂ ಮೈದಾನದಲ್ಲೇ ಇಲ್ಲದ ಹೊತ್ತಿನ ಬಗ್ಗೆ.

ಈಗ ನಾನು ಈ ಸಂಚಿಕೆಯನ್ನೇ ಯಾವ ಘಟನೆಗೋಸ್ಕರ ಮಾಡಿದೆನೋ ಅದಕ್ಕೆ ಬರ್ತೀನಿ. 1949ರ ಬೇಸಿಗೆ. ಡಾಮ್ ಪಂದ್ಯದ ಮೇಲೆ ಪಂದ್ಯ ಹಿಟ್ ಮಾಡ್ತಾ ಇದ್ದಾರೆ. ಹತ್ತಾಯ್ತು, ಇಪ್ಪತ್ತಾಯ್ತು, ಮೂವತ್ತು ದಾಟಿತು. 34. ಆಗ ಜನರ ಲೆಕ್ಕ ಶುರು: ಅಣ್ಣ 56, ತಮ್ಮ 34, ಇನ್ನೆಷ್ಟು ಬೇಕು? ಮನೆಯೊಳಗಿನ ದಾಖಲೆ ಮನೆಯೊಳಗೇ ಮುರಿಯುತ್ತಾ?

ಆಗಸ್ಟ್ 9. ಬೋಸ್ಟನ್‌ನ ಫೆನ್‌ವೇ ಪಾರ್ಕ್. ಎದುರಾಳಿ ಯಾರು ಅಂತೀರಿ? ಯಾಂಕೀಸ್. ಸೆಂಟರ್ ಫೀಲ್ಡ್‌ನಲ್ಲಿ ನಿಂತಿರೋರು ಜೋ. ಬೌಲರ್, ಬೇಸ್‌ಬಾಲ್ ಮಾತಲ್ಲಿ ಪಿಚರ್, ವಿಕ್ ರಾಶಿ. ಡಾಮ್‌ಗೆ ಒಂದಾದ ಮೇಲೊಂದು ಸರದಿ ಖಾಲಿ ಹೋಯ್ತು. ಎಂಟನೇ ಇನಿಂಗ್ಸ್‌ನಲ್ಲಿ ಕೊನೇ ಅವಕಾಶ. ಡಾಮ್ ಹೊಡೆದರು. ಸರಿಯಾಗೇ ಹೊಡೆದರು, ಪಿಚರ್ ತಲೆ ದಾಟಿ ನೇರ ನಡು ಮೈದಾನಕ್ಕೆ ರಭಸವಾಗಿ ಹೋಗೋ ಚೆಂಡು. ಅಂಥ ಹೊಡೆತ ಹೆಚ್ಚಿನ ದಿನಗಳಲ್ಲಿ ಹಿಟ್ಟೇ. ಜೋ ಮುಂದೆ ಬಂದು ಅದನ್ನು ಹಿಡಿದರು. ಔಟ್. 34ಕ್ಕೆ ನಿಂತಿತು.

ಹಿಡಿದಿದ್ದು ಅಣ್ಣ.

ಇದನ್ನು ಕೇಳಿದ ಕೂಡಲೇ ಕೆಲವರು, ‘ಬೇಕು ಅಂತಲೇ ಹಿಡಿದ, ತನ್ನ ದಾಖಲೆ ಉಳಿಸಿಕೊಂಡ’ ಅನ್ನಬಹುದು. ಆದರೆ ಕೈಗೆ ಬಂದ ಕ್ಯಾಚನ್ನು ಅಣ್ಣ ಬಿಡಬೇಕಿತ್ತಾ? ಬಿಟ್ಟಿದ್ದರೆ ಆ ಹಿಟ್ಟನ್ನು ಡಾಮ್ ಇಟ್ಟುಕೊಳ್ತಾ ಇದ್ದರಾ? ಅವತ್ತು ಪಂದ್ಯ ಗೆದ್ದದ್ದು ಡಾಮ್ ತಂಡ, 6-3. ಅದನ್ನು ಯಾರೂ ಹೇಳಲ್ಲ. ಇನ್ನೊಂದು, 34 ಸತತ ಪಂದ್ಯ ಅನ್ನೋದು ರೆಡ್ ಸಾಕ್ಸ್ ತಂಡದ ಮಟ್ಟಿಗೆ ಇವತ್ತಿಗೂ ದಾಖಲೆ. ಅದೇ ತಂಡದಲ್ಲಿ ಟೆಡ್ ವಿಲಿಯಮ್ಸ್ ಆಡಿದರು, ಬೇಸ್‌ಬಾಲ್ ಕಂಡ ಅತಿ ಶ್ರೇಷ್ಠ ಬ್ಯಾಟರ್‌ಗಳಲ್ಲಿ ಒಬ್ಬರು. ಅವರಿಗೂ ಅದು ಸಿಕ್ಕಿಲ್ಲ. ಬೇರೆ ಯಾವ ಮನೆಯಲ್ಲಿ ಹುಟ್ಟಿದ್ದರೂ 34 ಅನ್ನೋದು ಡಾಮ್ ಹೆಸರಿನ ಮುಂದಿನ ಬಿರುದಾಗ್ತಾ ಇತ್ತು. ಈ ಮನೆಯಲ್ಲಿ ಅದು 56ಕ್ಕೆ 22 ಕಡಿಮೆ.

ಅದೇ ವರ್ಷ ಅಕ್ಟೋಬರ್ 1. ಯಾಂಕೀ ಸ್ಟೇಡಿಯಂನಲ್ಲಿ ‘ಜೋ ಡಿಮ್ಯಾಜಿಯೊ ದಿನ’, ಸನ್ಮಾನ. ಜೋ ನ್ಯುಮೋನಿಯಾದಿಂದ ಸೊರಗಿದ್ದರು. ಪಕ್ಕದಲ್ಲಿ ಬೋಸ್ಟನ್ ಸಮವಸ್ತ್ರದಲ್ಲಿ ಡಾಮ್ ನಿಂತಿದ್ದರು. ಸನ್ಮಾನ ಮುಗೀತು, ಆಟ ಶುರುವಾಯ್ತು. ಲೀಗ್ ಗೆಲ್ಲೋಕೆ ರೆಡ್ ಸಾಕ್ಸ್‌ಗೆ ಎರಡು ಪಂದ್ಯದಲ್ಲಿ ಒಂದು ಗೆದ್ದರೆ ಸಾಕಿತ್ತು. ಎರಡೂ ಸೋತರು. ಜೋ ಒಟ್ಟು ಒಂಬತ್ತು ವರ್ಲ್ಡ್ ಸೀರೀಸ್ ಗೆದ್ದರು. ಡಾಮ್ ಒಂದೂ ಇಲ್ಲ.

ಲೆಕ್ಕ ಬೇಗ ಹೇಳಿಬಿಡ್ತೀನಿ. ಡಾಮ್ ಆಡಿದ್ದು 11 ಸೀಸನ್, ಎಲ್ಲವೂ ಬೋಸ್ಟನ್‌ಗೇ. ಏಳು ಸಲ ಆಲ್‌ಸ್ಟಾರ್. 1,680 ಹಿಟ್. ಬ್ಯಾಟಿಂಗ್ ಸರಾಸರಿ .298, ಅಂದ್ರೆ ಸಾವಿರಕ್ಕೆ 298. 1948ರಲ್ಲಿ ಸೆಂಟರ್ ಫೀಲ್ಡ್‌ನಿಂದ 503 ಔಟ್, ಅಮೆರಿಕನ್ ಲೀಗ್‌ನಲ್ಲಿ ಆ ಸಂಖ್ಯೆಯನ್ನು 1977ರವರೆಗೆ ಯಾರೂ ದಾಟಲಿಲ್ಲ. 1950ರಲ್ಲಿ ಲೀಗ್‌ನಲ್ಲೇ ಅತಿ ಹೆಚ್ಚು ಬೇಸ್ ಕದ್ದವರು ಡಾಮ್. ಎಷ್ಟು ಗೊತ್ತಾ? ಬರೀ 15! ಅಷ್ಟು ಕಡಿಮೆ ಕದ್ದು ಮೊದಲ ಸ್ಥಾನ ಪಡೆದವರು ಬೇರೆ ಯಾರೂ ಇಲ್ಲ. ಆ ವರ್ಷ ಕಳ್ಳರೆಲ್ಲ ರಜೆಯಲ್ಲಿದ್ದರು ಅನಿಸುತ್ತೆ.

1953ರ ಮೇ ತಿಂಗಳಲ್ಲಿ ಆಟ ಬಿಟ್ಟರು. ಹೊಸ ಹುಡುಗರಿಗೆ ಜಾಗ ಕೊಡಬೇಕು ಅಂತ ಮ್ಯಾನೇಜರ್ ಅವರನ್ನು ಬೆಂಚಿನಲ್ಲಿ ಕೂರಿಸಿದ್ದರು. ಕೂತುಕೊಂಡು ಸಂಬಳ ತಗೊಳ್ಳೋ ಬದಲು ಮನೆಗೆ ಹೋದರು. ಆಮೇಲೆ ಕಾರುಗಳ ಒಳಗೆ ಹಾಸೋ ಕಾರ್ಪೆಟ್‌ನಂಥ ಸಾಮಾನು ತಯಾರಿಸೋ ಉದ್ಯಮದಲ್ಲಿ ಚೆನ್ನಾಗಿ ದುಡಿದರು. 1960ರಲ್ಲಿ ಬೋಸ್ಟನ್ ಪೇಟ್ರಿಯಟ್ಸ್ ಅನ್ನೋ ಫುಟ್‌ಬಾಲ್ ತಂಡ ಹುಟ್ಟಿದಾಗ ಅದರ ಮೊದಲ ಪಾಲುದಾರರಲ್ಲಿ ಅವರೂ ಒಬ್ಬರು. ಹೆಂಡತಿ ಎಮಿಲಿ, ಮೂವರು ಮಕ್ಕಳು. ಅರವತ್ತು ವರ್ಷದ ಸಂಸಾರ.

ಜೋ ದಾರಿ ಬೇರೆ. ಒಂಟಿ ಸ್ವಭಾವ. ಸಮಾರಂಭಗಳಲ್ಲಿ ತನ್ನನ್ನು ‘ಬದುಕಿರುವ ಅತಿ ಶ್ರೇಷ್ಠ ಆಟಗಾರ’ ಅಂತಲೇ ಕರೀಬೇಕು ಅಂತ ಬಯಸ್ತಾ ಇದ್ದರು. ವಿನ್ಸ್ ಜೊತೆ ಮಾತು ಕಡಿಮೆಯಾಗಿತ್ತು. ವಿನ್ಸ್ 1986ರಲ್ಲಿ ಹೋದರು. 1999ರ ಮಾರ್ಚ್‌ನಲ್ಲಿ ಫ್ಲೋರಿಡಾದಲ್ಲಿ ಜೋ ಕೊನೆಯುಸಿರೆಳೆದಾಗ ಹಾಸಿಗೆ ಪಕ್ಕ ಡಾಮ್ ಇದ್ದರು. ಸ್ಯಾನ್ ಫ್ರಾನ್ಸಿಸ್ಕೊದ ಚರ್ಚ್‌ನಲ್ಲಿ ಎದ್ದು ನಿಂತು ಅಣ್ಣನ ಬಗ್ಗೆ ನಾಲ್ಕು ಮಾತು ಆಡಿದವರೂ ಅವರೇ. ಅಲ್ಲಿಗೆ ಬೇಸ್‌ಬಾಲ್ ಆಡಿದ ಮೂವರಲ್ಲಿ ಉಳಿದವರು ಡಾಮ್ ಒಬ್ಬರೇ.

ಡಾಮ್ ಬಗ್ಗೆ ನನಗೆ ಇಷ್ಟವಾದ ಕೊನೇ ಕಥೆಯಲ್ಲಿ ಜೋ ಬರೋದೇ ಇಲ್ಲ. 2001ರ ಅಕ್ಟೋಬರ್. ಟೆಡ್ ವಿಲಿಯಮ್ಸ್ ಫ್ಲೋರಿಡಾದಲ್ಲಿ ತುಂಬಾ ಕಾಯಿಲೆ ಬಿದ್ದಿದ್ದಾರೆ, ಇನ್ನು ಹೆಚ್ಚು ದಿನ ಇಲ್ಲ. ಡಾಮ್‌ಗೆ 84 ವರ್ಷ. ಹೋಗಿ ನೋಡಲೇಬೇಕು ಅಂತ ನಿರ್ಧಾರ. ಸೆಪ್ಟೆಂಬರ್ 11ರ ದಾಳಿ ನಡೆದು ಒಂದು ತಿಂಗಳು ಆಗಿತ್ತಷ್ಟೇ. ಕಾರಿನಲ್ಲೇ ಹೋಗೋದು ಅಂದರು. ಸುಮಾರು 2,100 ಕಿಲೋಮೀಟರ್! ಒಬ್ಬರನ್ನೇ ಕಳಿಸೋಕೆ ಎಮಿಲಿ ಒಪ್ಪಲಿಲ್ಲ. ಅವರಿಗಿಂತ ಚಿಕ್ಕ ವಯಸ್ಸಿನ ಗೆಳೆಯ ಡಿಕ್ ಫ್ಲೇವಿನ್ ಜೊತೆಗೆ ಹೊರಟರು. ಇನ್ನೊಬ್ಬರು ಯಾರು ಗೊತ್ತಾ? ಅದೇ ಜಾನಿ ಪೆಸ್ಕಿ, 1946ರ ಸೋಲಿನ ಆಪಾದನೆ ಹೊತ್ತವರು. ನಾಲ್ಕನೇ ಗೆಳೆಯ ಬಾಬಿ ಡೋರ್ ದೂರದ ಆರೆಗಾನ್‌ನಲ್ಲಿದ್ದರು. ಹೆಂಡತಿಗೆ ಹುಷಾರಿರಲಿಲ್ಲ, ಬಿಟ್ಟು ಬರೋ ಹಾಗಿರಲಿಲ್ಲ.

ಮೂರು ದಿನದ ಪಯಣ. ಕಾರಿನ ತುಂಬ ಅರವತ್ತು ವರ್ಷ ಹಿಂದಿನ ಪಂದ್ಯಗಳ ಮಾತು. ಆಡೋ ಕಾಲದಲ್ಲಿ ಬ್ಯಾಟಿಂಗ್‌ಗೆ ಮೊದಲು ಹೋಗ್ತಾ ಇದ್ದದ್ದು ಡಾಮ್, ಆಮೇಲೆ ಪೆಸ್ಕಿ, ಮೂರನೆಯವರು ಟೆಡ್. ಇವರಿಬ್ಬರು ಮೊದಲು ಹೋಗಿ ಬೇಸ್ ಮೇಲೆ ನಿಂತಿರಬೇಕು, ಟೆಡ್ ಬಂದು ಹೊಡೀಬೇಕು. ಈಗ ಟೆಡ್ ಗಾಲಿಕುರ್ಚಿಯಲ್ಲಿ. ಇವರಿಬ್ಬರು ಅವರ ಮನೆ ಬಾಗಿಲಲ್ಲಿ. ಪತ್ರಕರ್ತ ಡೇವಿಡ್ ಹಾಲ್ಬರ್‌ಸ್ಟಾಮ್ ಈ ಪಯಣದ ಬಗ್ಗೆಯೇ 2003ರಲ್ಲಿ ‘ದ ಟೀಮ್‌ಮೇಟ್ಸ್’ ಅನ್ನೋ ಪುಸ್ತಕ ಬರೆದರು. ಇಂಗ್ಲಿಷ್ ಓದೋರಿಗೆ ಸಣ್ಣ ಪುಸ್ತಕ, ಬೇಸ್‌ಬಾಲ್ ಗೊತ್ತಿರಲೇಬೇಕು ಅಂತಿಲ್ಲ. ಟೆಡ್ 2002ರ ಜುಲೈ 5ರಂದು ಹೋದರು.

ಬದುಕಿದ್ದಾಗ ಟೆಡ್ ಒಂದು ವಿಷಯಕ್ಕೆ ತುಂಬಾ ಓಡಾಡಿದ್ದರು: ಡಾಮ್‌ಗೆ ಹಾಲ್ ಆಫ್ ಫೇಮ್‌ನಲ್ಲಿ ಜಾಗ ಸಿಗಬೇಕು ಅಂತ. ಜೋ 1955ರಲ್ಲೇ ಅಲ್ಲಿದ್ದಾರೆ, ಟೆಡ್ ಇದ್ದಾರೆ, ಡೋರ್ ಇದ್ದಾರೆ. ಡಾಮ್ ಇಲ್ಲ. ಇರಬೇಕಿತ್ತಾ? ಯುದ್ಧದ ಮೂರು ವರ್ಷ ಸೇರಿಸಿ ನೋಡಿದರೆ ಇರಬೇಕಿತ್ತು ಅಂತ ನನಗನಿಸುತ್ತೆ. ಅಂಕಿ ಮಾತ್ರ ನೋಡೋರು ಬೇಡ ಅಂತಾರೆ, ಅವರ ಹತ್ತಿರವೂ ವಾದ ಇದೆ. ಡಾಮ್ ತಾವೇ 1990ರಲ್ಲಿ ಒಂದು ಪುಸ್ತಕ ತಂದರು. ಯಾವ ವರ್ಷದ ಬಗ್ಗೆ ಅಂದುಕೊಂಡ್ರಿ? 1949 ಅಲ್ಲ. 1941ರ ಬಗ್ಗೆ, ಅಂದ್ರೆ ಅಣ್ಣನ 56ರ ವರ್ಷ, ಟೆಡ್ ಸಾವಿರಕ್ಕೆ 406ರ ಸರಾಸರಿಯಲ್ಲಿ ಆಡಿದ ವರ್ಷ.

ಡಾಮ್ ತೀರಿಕೊಂಡ ಮರುವರ್ಷ, 2010ರ ಜೂನ್‌ನಲ್ಲಿ, ಫೆನ್‌ವೇ ಪಾರ್ಕ್ ಹೊರಗೆ ಒಂದು ಕಂಚಿನ ಪ್ರತಿಮೆ ನಿಲ್ಲಿಸಿದರು. ಒಂದೇ ಪೀಠದ ಮೇಲೆ ನಾಲ್ಕು ಜನ: ಟೆಡ್ ವಿಲಿಯಮ್ಸ್, ಬಾಬಿ ಡೋರ್, ಜಾನಿ ಪೆಸ್ಕಿ, ಡಾಮ್ ಡಿಮ್ಯಾಜಿಯೊ. ಕಾರಿನಲ್ಲಿ ಹೋದವರು, ಹೋಗೋಕಾಗದವರು, ಕಾಯ್ತಾ ಇದ್ದವರು, ಎಲ್ಲರೂ ಒಟ್ಟಿಗೆ ನಿಂತಿದ್ದಾರೆ. ಬೋಸ್ಟನ್‌ನಲ್ಲಿ ಓದ್ತಾ ಇರೋ, ಕೆಲಸ ಮಾಡ್ತಾ ಇರೋ ಕನ್ನಡದವರು ಇದನ್ನು ಕೇಳ್ತಾ ಇದ್ರೆ, ಆ ಕಡೆ ಹೋದಾಗ ಒಂದು ನಿಮಿಷ ನಿಂತು ನೋಡಿ.